ಹೊಯ್ಯುವ ಕೈ

ಜಾವಾದ ನಮ್ಮ ಬೆಟ್ಟದ ಕಡೆ
ದನ ನೋಡುವವರನ್ನು ಮಂತ್ರಿ ಎನ್ನುತ್ತಾರೆ.
ನಾನು ಮಂತ್ರಿ. ಹೆಸರು ಪುರ್ವಾಂತಿ.
ರಾಜ್ಯವಿಲ್ಲ, ಒಂದು ಬೈಕಿದೆ,
ಹಿಂದಿನ ಸೀಟಿಗೆ ಬಿಗಿದ ಅಲ್ಯೂಮಿನಿಯಂ ಕ್ಯಾನು,
ಅದರೊಳಗೆ ದ್ರವ ನೈಟ್ರೋಜನ್,
ಅದರೊಳಗೆ ಮುಳುಗಿ ತಪಸ್ಸಿಗೆ ಕೂತ
ಇನ್ನೂರು ಹೋರಿಗಳ ಬೀಜ.

ಶನಿವಾರ ಸಂಜೆ ಬೀಜದ ಬುಟ್ಟಿಗಳನ್ನು
ಕಚೇರಿಯ ದೊಡ್ಡ ಕ್ಯಾನಿಗೆ ಇಳಿಸಿ
ಬರೀ ಚಳಿಯನ್ನು ಹೊತ್ತು ಬೆಟ್ಟ ಇಳಿಯುತ್ತೇನೆ,
ಸುರಬಯಾದ ಬೇಗೆಗೆ.

ಕೋ ಹ್ವೀ ಅವರ ಅಂಗಡಿ. ಅರ್ಧ ಎಳೆದ ಷಟರು.
ಬಗ್ಗಿ ಒಳಹೊಕ್ಕರೆ ನನ್ನ ತಮ್ಮ ಗಲಿಹ್,
ಅಂಗಿಯಿಲ್ಲದ ಬೆನ್ನು, ಬೆವರು,
ಮೇಜಿನ ಮೇಲೆ ಅಂಗಾತ ಮಲಗಿದ ಮದರ್‌ಬೋರ್ಡು.
ಕೂಸಿಗೆ ಎಣ್ಣೆ ಹಚ್ಚುವ ಅಜ್ಜಿಯ ಹಾಗೆ
ಸಂದುಸಂದಿಗೂ ವ್ಯಾಸಲೀನು ಮೆತ್ತಿದ್ದಾನೆ.
ಈ ಊರಿನ ಗಾಳಿಯನ್ನು ನಂಬುವಂತಿಲ್ಲ,
ತಣ್ಣಗಿರುವ ಏನು ಸಿಕ್ಕರೂ
ಮೇಲೆ ಬಿದ್ದು ನೀರಾಗಿಬಿಡುತ್ತದೆ.

ನಡುವೆ ತಾಮ್ರದ ಚೊಂಬು,
ತಳಕ್ಕೆ ಬೆನ್ನೊತ್ತಿಕೊಂಡು ಉಗುರಗಲದ ಪ್ರೊಸೆಸರು.
ಅದರ ಪಾಡಿಗೆ ಬಿಟ್ಟರೆ ಸೆಕೆಂಡಿಗೆ
ಮುನ್ನೂರ ಎಪ್ಪತ್ತು ಕೋಟಿ ಸಲ ಮಿಡಿಯುತ್ತದಂತೆ.
ಇವನಿಗೆ ಸಾಲದು.
ಎಂಟುನೂರು ದಾಟಬೇಕು; ಪೋಲೆಂಡಿನ ಯಾರೋ ಒಬ್ಬ
ಎಂಟುನೂರಕ್ಕೆ ನಿಂತಿದ್ದಾನೆ.

ಯಾತಕ್ಕೋ ಇದೆಲ್ಲ, ಎಂದಿದ್ದೆ ಮೊದಲ ಸಲ.
'ಜಲಸಂಧಿಯಾಚೆ ಮದುರಾದಲ್ಲಿ
ಹೋರಿ ಓಡಿಸುತ್ತಾರಲ್ಲ ಅಕ್ಕಾ,
ಅದು ಯಾತಕ್ಕೆ?'
ಬಾಯಿ ಮುಚ್ಚಿಕೊಂಡು ಫ್ಲಾಸ್ಕು ಎತ್ತಿಕೊಂಡೆ.

ಅವನು ವೋಲ್ಟೇಜು ಏರಿಸುತ್ತಾನೆ, ನಾನು ಹೊಯ್ಯುತ್ತೇನೆ.
ಕಡಿಮೆಯಾದರೆ ಸುಟ್ಟುಕೊಳ್ಳುತ್ತದೆ. ಹೆಚ್ಚಾಗಿ
ಮೈನಸ್ ನೂರ ಹದಿನೆಂಟರ ಕೆಳಗಿಳಿದರೆ
ಜೋಂಪು ಹತ್ತಿ ತಾನು ಯಾರೆಂಬುದೇ ಮರೆಯುತ್ತದೆ.
ಅದೂ ಈ ಚಿಪ್ಪಿನ ಗುಣ; ಹೋದ ವಾರದ್ದು
ನೂರ ನಲವತ್ತರಲ್ಲೂ ಎಚ್ಚರವಿತ್ತು.
ಮೀಟರು ಎರಡು ಉಸಿರು ತಡವಾಗಿ ನಿಜ ಹೇಳುತ್ತದೆ,
ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.
ಅದಕ್ಕೇ ಕಿವಿಯಿಂದ ಅಳೆಯುತ್ತೇನೆ:
ತಾಮ್ರ ಗೊಣಗುತ್ತಿದ್ದರೆ ಇನ್ನಷ್ಟು ಹೊಯ್ಯಬಹುದು,
ಸಿಡುಕಿತೋ, ಕೈ ತಡೆಯಬೇಕು.
ಹದಿನೇಳು ವರ್ಷ ಹಸುಗಳೊಳಗೆ ಮೊಳಕೈತನಕ ತೂರಿ
ಗರ್ಭದ ಬಾಯಿ ತಡವಿದವಳು ನಾನು.
ಕಾಣದ್ದು ನನಗೆ ಕತ್ತಲಲ್ಲ.

ಬೆಳಗಿನ ಮೂರೂವರೆ.
ಕೋ ಹ್ವೀ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ,
ಲವಂಗದ ಸಿಗರೇಟು ಬೆರಳ ಸಂದಿಯಲ್ಲಿ
ತನ್ನಷ್ಟಕ್ಕೆ ತಾನು ಉರಿಯುತ್ತಿದೆ.
ಏಳುನೂರ ತೊಂಬತ್ತಾರು.
ಏಳುನೂರ ತೊಂಬತ್ತೊಂಬತ್ತು.
ಗಲಿಹ್‌ನ ಮೊಣಕಾಲು ಮೇಜಿನಡಿ ಅದುರುತ್ತಿದೆ.
'ಅಕ್ಕಾ, ಒಂದು ಹನಿ.'
ಒಂದು ಹನಿ.

ಎಂಟುನೂರ ಒಂದು.

ಗುಂಡಿ ಒತ್ತಿ ಪರದೆಯ ಚಿತ್ರ ಹಿಡಿದ.
ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ಪರದೆ ನೀಲಿ,
ಆಮೇಲೆ ಕಪ್ಪು.

ಆ ರೆಪ್ಪೆಯೊಳಗೆ ಅದು ಯಾರ ಲೆಕ್ಕವನ್ನೂ ಕೂಡಿಸಲಿಲ್ಲ,
ಯಾರಿಗೂ ಕಾಗದ ಬರೆಯಲಿಲ್ಲ,
ಒಂದು ಆಟವನ್ನೂ ಆಡಲಿಲ್ಲ.
ಸುಮ್ಮನೆ ಇತ್ತು.
ಬಹಳ ವೇಗವಾಗಿ ಇತ್ತು.

ನನ್ನ ತಮ್ಮ ಕಿರುಚಲಿಲ್ಲ. ಕೈಯ ಹಿಂಬದಿಯಿಂದ
ಮೂಗು ಒರೆಸಿಕೊಂಡ, ಚಿಕ್ಕವನಿದ್ದಾಗಿನ ಹಾಗೆ.
ಹೇರ್ ಡ್ರೈಯರು ಹಚ್ಚಿದ.
ಹಿಮದ ಗಡ್ಡ ಕರಗಿ ಅವನ ಬರಿಗಾಲ ಮೇಲೆ ತೊಟ್ಟಿಕ್ಕಿತು.
ಸತ್ತಿದೆಯೇನೋ, ಎಂದೆ.
'ಒಣಗಲಿ, ಆಮೇಲೆ ಗೊತ್ತಾಗುತ್ತದೆ.'
ನಾನೂ ಕೊಟ್ಟಿಗೆಗಳಲ್ಲಿ ಹೇಳುವುದು ಇದನ್ನೇ:
ಇಪ್ಪತ್ತೊಂದು ದಿನ ಕಾಯಿರಿ, ಮತ್ತೆ ಬೆದೆಗೆ ಬರದಿದ್ದರೆ
ಕಟ್ಟಿದೆ ಅಂತ ಅರ್ಥ.

ಆಜಾನಿನ ಹೊತ್ತಿಗೆ ಷಟರಿನಡಿ ತೂರಿ ಹೊರಬಂದೆ.
ಕ್ಯಾನಿಗೆ ಕಡ್ಡಿ ಇಳಿಸಿ ನೋಡಿದೆ: ನಾಲ್ಕು ಬೆರಳು.
ಸೋಮವಾರ ಕಚೇರಿಯ ಪುಸ್ತಕದಲ್ಲಿ
ಹನ್ನೆರಡು ಲೀಟರಿನ ಎದುರು
'ಆವಿಯಾಗಿ ಹೋಯಿತು' ಎಂದು ಬರೆಯುತ್ತೇನೆ.

ಸುಳ್ಳೇನಲ್ಲ.