ಓಡಿಹೋಗಲು ಒಂದು ತಿಂಗಳ ನೋಟಿಸು

ಓಡಿಹೋಗುವುದಕ್ಕೂ ಇಲ್ಲಿ
ತಿಂಗಳು ಮುಂಚೆ ಅರ್ಜಿ ಕೊಡಬೇಕಂತೆ, ಡಂಕನ್.
ಮದುವೆ ಮಾಡಿಸುವ ಫ್ರೇಯಾ ಬೆರಳಿಟ್ಟು ತೋರಿಸಿದಳು:
ಸಹಿ ಇಲ್ಲಿ, ಇಲ್ಲಿ. ವಯಸ್ಸು ಇಲ್ಲಿ.
ಐವತ್ತೊಂಬತ್ತು ಎಂದು ಬರೆದೆ, ಒತ್ತಿ.

ಜೀವ್ಸ್‌ಟನ್ ದಾಟಿದರೆ ಫೋನು ಸಿಗುವುದಿಲ್ಲ,
ಒಳ್ಳೆಯದೇ ಆಯಿತು.
ಮೊದಲು ಕಾಡು. ಆಳೆತ್ತರದ ಜರೀಗಿಡಗಳ ಕೆಳಗೆ
ಒಂದು ರಾತ್ರಿ ಡೇರೆ.
ಜಿಗಣೆಗೆ ಉಪ್ಪು ನಾನು ತರುತ್ತೇನೆ,
ಬೆಳಗಿನ ಉಪ್ಪಿಟ್ಟಿಗೂ ಅದೇ.
ಸೀರೆ ಬೇಡವೆಂದೆಯಲ್ಲ, ಕೇಳುವುದಿಲ್ಲ;
ಇಳಕಲ್ಲಿನದು, ಕಚ್ಚೆ ಹಾಕಿ ಉಟ್ಟರೆ
ಬಿದ್ದ ಮರ ದಾಟುವುದು ಪ್ಯಾಂಟಿಗಿಂತ ಸಲೀಸು.

ಆಮೇಲೆ ಕಾಕಲ್ ಕ್ರೀಕ್. ರಸ್ತೆ ಅಲ್ಲಿಗೇ ಮುಗಿಯುತ್ತದೆ.
ಮುಂದೆ ಬಂಡೆ, ಪಾಚಿ, ನಿನ್ನ ಕೈ.
ನನ್ನಣ್ಣನ ಪಂಚಾಂಗದಲ್ಲಿ ಆ ದಿನ ಅಮಾವಾಸ್ಯೆ,
ಉಗುರು ಕೂಡ ಕತ್ತರಿಸಬಾರದು.
ನಿನ್ನ ಉಬ್ಬರವಿಳಿತದ ಪಟ್ಟಿಯಲ್ಲಿ
ಕಡಲು ಎಲ್ಲಕ್ಕಿಂತ ದೂರ ಸರಿಯುವ ದಿನ.
ಏಳೂ ಇಪ್ಪತ್ತಕ್ಕೆ ಮರಳು ಬಯಲು,
ನಲವತ್ತು ನಿಮಿಷ ನಮ್ಮದು.
ಇದಕ್ಕಿಂತ ಮುಹೂರ್ತ ಬೇಕೆ?

ಮಂಡಿಗೆ ಪಟ್ಟಿ, ನಿನ್ನ ಬಿ.ಪಿ. ಮಾತ್ರೆ.
ಉಂಗುರ ಗಾಳದ ಡಬ್ಬಿಯಲ್ಲೇ ಇರಲಿ,
ಆ ನಾತಕ್ಕೆ ಯಾರೂ ಮುಚ್ಚಳ ತೆಗೆಯುವುದಿಲ್ಲ.
ಒಬ್ಬ ಸಾಕ್ಷಿ ಫ್ರೇಯಾಳ ಗಂಡ.
ಇನ್ನೊಬ್ಬರ ಗೆರೆ ಖಾಲಿ.

ಮೈಥಿಲಿಗೆ ಹೇಳಿಲ್ಲ.
ಅಣಬೆ ನೋಡಲು ಹೋಗುತ್ತೇನೆಂದು
ಮಗಳ ರಬ್ಬರ್ ಬೂಟು ಕೇಳಿದೆ.
ಯಾವ ಅಣಬೆ, ಯಾರ ಜೊತೆ, ಒಂದೂ ಕೇಳದೆ ಕೊಟ್ಟಳು.

ಈಗ ಕೈ ಹಾಕಿದರೆ ಒಳಗೆ
ಉಣ್ಣೆಯ ಕಾಲುಚೀಲ, ಎರಡು ಜೊತೆ,
ಬೆಲೆಚೀಟಿ ಇನ್ನೂ ಕಿತ್ತಿಲ್ಲ.
ಒಂದು ನನ್ನ ಅಳತೆ.
ಇನ್ನೊಂದು ಹನ್ನೊಂದನೇ ನಂಬರು.

ನಿನ್ನ ಪಾದ ಎಷ್ಟು, ಡಂಕನ್?