ಹೆಚ್ಚಿನ ಹೆಜ್ಜೆ

ಗಾದಿಲಿಂಗಪ್ಪ ಜೇಬು ಹಿಡಿದುಕೊಂಡೇ ಬಂದ.
ಪ್ಯಾಂಟಿನ ಹಿಂಬದಿ ಜೇಬು, ಕಡುನೀಲಿ, ಒಂದು ಮಗ್ಗುಲು ಸೊಟ್ಟ.
'ನಿನ್ನ ಪ್ಯಾಟರ್ನ್ ಮ್ಯಾಲೆ ಕತ್ತರಿಸಿದ್ದು ನೋಡಪಾ,
ಹಾಕ್ಕೊಂಡಾವ ಕುಂಟತಾನ ಅನ್ನಂಗೈತಿ.'
ನಾನೂರು ಜೇಬು. ಎಲ್ಲದರಲ್ಲೂ
ಅದೇ ಮೂರು ಮಿಲಿಮೀಟರ್.

ಕೌಲ್ ಬಜಾರಿನ ಒಂದೂವರೆ ಕೋಣೆಯ ಮನೆಯಲ್ಲಿ
ಅರ್ಧ ಕೋಣೆ ಯಂತ್ರದ್ದು.
ಅಲ್ಯೂಮಿನಿಯಂ ಕಂಬಿ, ಎರಡು ಬೆಲ್ಟು, ಮೂರು ಸ್ಟೆಪ್ಪರ್,
ತಮ್ಮ ಬಿಟ್ಟುಕೊಟ್ಟ ಲ್ಯಾಪ್‌ಟಾಪು, 'ಎಸ್' ಕೀಲಿ ಇಲ್ಲದ್ದು.
ನಾನೇ ಜೋಡಿಸಿದ್ದು. ಹಾಗಾಗಿ
ಬೈಯಲು ಬೇರೆ ಯಾರೂ ಇರಲಿಲ್ಲ.

ಸ್ಟೆಪ್ಪರ್ ಅಂದರೆ ಸಾಧು ಪ್ರಾಣಿ.
ಇನ್ನೂರು ಹೆಜ್ಜೆಗೆ ಒಂದು ಸುತ್ತು.
ಇಡು ಅಂದರೆ ಇಡುತ್ತದೆ, ನಿಲ್ಲು ಅಂದರೆ ಬಿಗಿದು ನಿಲ್ಲುತ್ತದೆ.
ತಾನು ಎಲ್ಲಿದ್ದೇನೆಂದು ಮಾತ್ರ ಅದಕ್ಕೆ ಗೊತ್ತಿಲ್ಲ.
ಲ್ಯಾಪ್‌ಟಾಪಿಗೂ ಗೊತ್ತಿಲ್ಲ.
ಅದು ಎಣಿಸುವುದು ತಾನು ಕೊಟ್ಟ ಅಪ್ಪಣೆಗಳನ್ನು,
ನಡೆದ ದಾರಿಯನ್ನಲ್ಲ.
ಕೊರೆಯುವ ಮೂತಿ ಎಲ್ಲಿಗೋ ಹೋಗಿರುತ್ತದೆ; ಪರದೆಯ ಮೇಲೆ
ವೈ ಸೊನ್ನೆ, ಚುಕ್ಕಿ, ಮೂರು ಸೊನ್ನೆ,
ಯಾರೂ ಬಾರದ ಶಾಲೆಯ ಹಾಜರಿ ಪುಸ್ತಕದಂತೆ.

ಮೊದಲ ದಿನ ವೇಗ ತಗ್ಗಿಸಿದೆ.
ಬೆಲ್ಟು ಬಿಗಿದು ತಂಬೂರಿ ತಂತಿಯಂತೆ ಮೀಟಿ ನೋಡಿದೆ.
ಪುಲ್ಲಿಯ ಅಲನ್ ಸ್ಕ್ರೂಗೆ ಅರ್ಧ ತಿರುವು.
ಡ್ರೈವರಿನ ಸಾಸಿವೆಕಾಳಿನಷ್ಟು ತಿರುಪನ್ನು
ಉಸಿರು ಹಿಡಿದು ತಿರುಗಿಸಿ ಕರೆಂಟು ಏರಿಸಿದೆ;
ಮೋಟಾರು ರೊಟ್ಟಿ ಹಂಚಿನಂತೆ ಕಾಯಿತು, ಜೇಬು ಸೊಟ್ಟಗೇ ಉಳಿಯಿತು.
ಎರಡನೇ ದಿನ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ.
ಮೂರನೇ ದಿನ ಎಕ್ಸ್ ಮೋಟಾರು ಬಿಚ್ಚಿ ವೈಗೆ, ವೈದು ಎಕ್ಸಿಗೆ.
ತಪ್ಪು ವೈಯಲ್ಲೇ ಕೂತಿತ್ತು.
ಡ್ರೈವರ್ ಅದಲುಬದಲು. ಆಗಲೂ ವೈ.
ಆಳು ಬದಲಾದರೂ ಕುರ್ಚಿಯ ಗುಣ ಹೋಗದ ಆಫೀಸು.

'ಮೇ ತಿಂಗಳ ಬಳ್ಳಾರಿ' ಎಂದರು ಗೆಳೆಯರು,
'ನಾವೇ ಹೆಜ್ಜೆ ತಪ್ತೀವಿ, ಮೋಟಾರು ಪಾಪ.'
ಬಿಸಿಲನ್ನೂ ನಂಬಿದೆ. ಟೇಬಲ್ ಫ್ಯಾನು ಅದರ ಕಡೆ ತಿರುಗಿಸಿ
ನಾನು ಬೆವರಿದೆ.

ಆದರೆ ಊಟದ ಹೊತ್ತಿನಲ್ಲಿ ಕೊರೆದದ್ದು ನೆಟ್ಟಗಿರುತ್ತಿತ್ತು.
ಅದೂ ಎರಡು ಗಂಟೆಯ ಕೆಂಡದಲ್ಲಿ.

ಕೊನೆಗೆ ಮಗಳ ವೈಟ್ನರ್ ತಂದು
ಪುಲ್ಲಿಯ ಅಂಚಿಗೆ ಒಂದು ಬೊಟ್ಟಿಟ್ಟೆ.
ಯಂತ್ರ ಚಾಲೂ ಇಟ್ಟು, ಅದಕ್ಕೆ ಏನೂ ಹೇಳದೆ,
ಸ್ಟೂಲಿನ ಮೇಲೆ ಕೂತು ನೋಡುತ್ತಾ ಹೋದೆ.
ಪರದೆ ಕದಲಲಿಲ್ಲ. ಬೊಟ್ಟು ಕದಲಲಿಲ್ಲ. ಚಹಾ ಆರಿತು.

ಗೋಡೆಯಾಚೆ ಹೊನ್ನೂರಬೀ ಪೆಡಲು ತುಳಿದಳು:
ಝರ್ರ್.
ಬೊಟ್ಟು ಕೂದಲೆಳೆಯಷ್ಟು ಸರಿಯಿತು.
ಝರ್ರ್.
ಇನ್ನೊಂದು ಕೂದಲು.

ಮೂರು ದಿನ ನಾನು ಹುಡುಕಿದ್ದು
ಕಳೆದುಹೋದ ಹೆಜ್ಜೆಗಳನ್ನು.
ಕಳೆದದ್ದೇನೂ ಇರಲಿಲ್ಲ.
ಇಬ್ಬರಿಗೂ ಒಂದೇ ಮೀಟರು;
ಅವಳ ಮೋಟಾರಿನ ವೈರು, ನನ್ನ ವೈಯ ಸಿಗ್ನಲ್ ವೈರು
ಒಂದೇ ಮೊಳೆಗೆ ಜೋತು, ಒಂದೇ ಗೋಡೆ ಹಿಡಿದು ಬಂದಿದ್ದವು.
ಅವಳು ಜೀನ್ಸಿನ ಕಾಲು ಹೊಲಿದಾಗೆಲ್ಲ
ಈ ಸಾಧು ಪ್ರಾಣಿ, ಕರೆದದ್ದು ತನ್ನನ್ನೇ ಎಂದುಕೊಂಡು,
ಒಂದು ಹೆಜ್ಜೆ ಹೆಚ್ಚು ಇಟ್ಟಿತ್ತು.

ಹೇಳಲು ಹೋದೆ. ಬಾಯಲ್ಲಿ ನೂಲು ಕಚ್ಚಿಕೊಂಡೇ ಕೇಳಿದಳು.
'ಹಂಗಾರೆ ನಾನು ಇಲ್ಲಿ ತುಳಿದ್ರ, ಅಲ್ಲಿ ನಿಂದು ನಡೀತೈತಿ?'
'ಹೂಂ.'
'ಅರ್ಧ ಕೂಲಿ ಕೊಡು ಮತ್ತೆ, ಎರ್ರೆಣ್ಣ.'

ವೈರು ಬೇರೆ ಮಾಡಿದೆ. ತಾಮ್ರದ ಜಾಲರಿ ಹೊದ್ದ ಕೇಬಲು,
ಒಂದೇ ತುದಿ ಅರ್ತಿಂಗಿಗೆ. ಅರ್ಧಕ್ಕರ್ಧ ಸರಿಹೋಯಿತು.
ಉಳಿದರ್ಧ ಹುಡುಕಿ ಹಿತ್ತಲಿಗೆ ಹೋದರೆ
ಅರ್ತಿಂಗ್ ಗುಂಡಿ, ಎಂದೋ ಉಪ್ಪು ಇದ್ದಿಲು ತುಂಬಿ ಮುಚ್ಚಿದ್ದು,
ಬಾಯಿ ಬಿರಿದು ಒಣಗಿ ಕೂತಿತ್ತು.

ಈಗ ದಿನಾ ಬೆಳಿಗ್ಗೆ ಎರಡು ಚೊಂಬು ಅದಕ್ಕೆ.
ನಲ್ಲಿ ಎಂಟು ದಿನಕ್ಕೊಮ್ಮೆ ಕೆಮ್ಮುವ ಓಣಿ ಇದು.
ಒಂದು ಎಲೆಯೂ ಇಲ್ಲದ ನೆಲಕ್ಕೆ ನೀರು ಹೊಯ್ಯುವವನನ್ನು
ಹಿಂದಿನ ಮನೆಯ ಮಾಳಿಗೆಯಿಂದ ಮುದುಕನೊಬ್ಬ ನೋಡುತ್ತಾನೆ.
'ಏನು ಹಚ್ಚಿಯಪಾ ಅಲ್ಲಿ?' ಎಂದ ನಿನ್ನೆ.
'ಜೇಬು' ಅಂದೆ.