ಎಡತುದಿಯ ಭಾರ

ನಾಲ್ಕನೇ ಸೆಮಿಸ್ಟರಿಗೆ ನಾವು ಮೂವರು
ಒಂದು ಬೆಂಚು ಮಾಡಿದೆವು, ನಗುವ ಬೆಂಚು.
ಕೊಟ್ಟ ವಿಷಯ: ಆಟ, ಮನರಂಜನೆ.
ಹಲಗೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿನದು,
ವಯರು, ಸ್ಪೀಕರು ಬುಧವಾರ ಪೇಟೆಯ ಗಲ್ಲಿಯವು.

ಒಬ್ಬರೇ ಕೂತರೆ ಅದು ಬರೀ ಮರ.
ಎರಡು ತುದಿಗೆ ಇಬ್ಬರು ಕೂತರೆ
ಹಲಗೆಯ ಹೊಟ್ಟೆಯಿಂದ ಒಂದು ನಗು.
ಹನ್ನೊಂದು ತುಂಬಿಟ್ಟಿದ್ದೆವು ಒಳಗೆ:
ಇಬೊತೊಂಬಿಯ ಬಿಕ್ಕಳಿಕೆಯಂಥದು,
ಮೃಣ್ಮಯಿಯ ತಂಗಿಯದು,
ಮಿಸಳ್ ಬಡಿಸುವ ವತ್ಸಲಾ ಮಾವಶಿ
ಗಂಡನ ಗೊರಕೆಯ ಕತೆ ಹೇಳುತ್ತ
ಬಾಯಿಗೆ ಸೆರಗು ಹಿಡಿದರೂ ತಡೆಯಲಾರದೆ ನಕ್ಕದ್ದು.
ಇಪ್ಪತ್ತು ಕಿಲೋಗಿಂತ ಕಡಿಮೆ ತೂಕಕ್ಕೆ ನಗಬೇಡ
ಎಂದು ಕೋಡು ಬರೆದವಳು ನಾನೇ.
ಬ್ಯಾಗು ಇಟ್ಟು ಮೋಸ ಮಾಡಬಾರದಲ್ಲ.

ಲೈಬ್ರರಿಯ ಹಿಂದೆ, ಬೇವಿನ ಕೆಳಗೆ ಇಟ್ಟು ಬಂದೆವು.
ಕೂತರು, ಬೆಚ್ಚಿದರು, ನಕ್ಕರು, ವಿಡಿಯೋ ಮಾಡಿದರು.
ನಾಲ್ಕನೆಯ ದಿನ ಯಾರೂ ತಿರುಗಿ ನೋಡಲಿಲ್ಲ.

ಆದರೆ ಲೆಕ್ಕದ ಹಾಳೆಯಲ್ಲಿ
ದಿನಾ ರಾತ್ರಿ ಮೂರೂ ಹತ್ತಕ್ಕೆ ಒಂದು ನಗು.
ಬಲತುದಿಗೆ ಐವತ್ತೆಂಟು, ಐವತ್ತೇಳೂವರೆ, ಮತ್ತೆ ಐವತ್ತೆಂಟು:
ಕಾಲು ಬದಲಿಸುವ, ತಲೆ ಕೆರೆದುಕೊಳ್ಳುವ ಮನುಷ್ಯನ ಅಂಕಿ.
ಎಡತುದಿಗೆ ಇಪ್ಪತ್ತೊಂದು ಪಾಯಿಂಟ್ ನಾಲ್ಕು.
ಮರುದಿನವೂ ಇಪ್ಪತ್ತೊಂದು ಪಾಯಿಂಟ್ ನಾಲ್ಕು.
ಮಿಸುಕಾಟವಿಲ್ಲ.
ಮಗು, ಅಂದಳು ಮೃಣ್ಮಯಿ, ನಿದ್ದೆ ಹೋದ ಮಗು.
ದೆವ್ವ, ಅಂದ ಇಬೊತೊಂಬಿ.
ದೆವ್ವಕ್ಕೆಲ್ಲಿಯ ತೂಕ ಮಾರಾಯಾ, ಅಂದೆ.

ಬೆಳಿಗ್ಗೆ ಹೋಗಿ ಹಲಗೆ ಸವರಿದೆ:
ಬೆರಳಿಗೆ ಕೆಂಪು ಹುಡಿ.
ಹೊಸ ಹಾಸ್ಟೆಲಿನ ಇಟ್ಟಿಗೆ ರಾಶಿ ನೂರು ಹೆಜ್ಜೆ ಆಚೆ.
ಏಳು ಇಟ್ಟಿಗೆ. ತೂಗಿಯೂ ನೋಡಿದೆ.
ಆ ಕಡೆ ರಾತ್ರಿಪಾಳಿಗೆ ಇರುವುದು ಒಬ್ಬನೇ,
ಪರಳಿಯ ಜ್ಞಾನೋಬಾ ತಿಡಕೆ.
ಐಡಿ ಕಾರ್ಡಿನ ಫೋಟೋವನ್ನೂ ನಮ್ಮ ಮುಖವನ್ನೂ
ಎರಡೆರಡು ಸಲ ನೋಡುವ ಆಸಾಮಿ.
ಅವನ ಹಲ್ಲು ಕಂಡವರಿಲ್ಲ.

ಜ್ಯೂರಿಯಲ್ಲಿ ಸರ್ ಕೇಳಿದರು:
ಗ್ರಾಫಿನಲ್ಲಿ ಈ ಮುಳ್ಳುಗಳೇನು?
ಸೆನ್ಸರಿನ ದೋಷ, ಅಂದೆ.
ಬಳಕೆದಾರರು ಎಂಬ ಖಾನೆಯಲ್ಲಿ ನಾವು ತುಂಬಿದ್ದು:
ವಯಸ್ಸು ಹದಿನೆಂಟರಿಂದ ಇಪ್ಪತ್ತೈದು. ಇಬ್ಬರು.
ಬಿ ಪ್ಲಸ್ ಬಂತು.

ಆ ಸಂಜೆ ಲ್ಯಾಪ್‌ಟಾಪು ಜೋಡಿಸಿ ಒಂದು ಸಾಲು ಸೇರಿಸಿದೆ:
ಹನ್ನೆರಡರ ಮೇಲೆ, ಒಬ್ಬರು ಕೂತರೂ ನಗು.
ಉಪಕಾರ ಮಾಡಿದ ಸಣ್ಣ ಬಿಂಕದಲ್ಲಿ
ಒಳ್ಳೆಯ ನಿದ್ದೆ ಬಂತು.

ಮೂರೂ ಏಳಕ್ಕೆ ಬಲತುದಿ ಐವತ್ತೆಂಟು. ನಗು.
ಮರುಕ್ಷಣ ಸೊನ್ನೆ.
ಒಂಟಿ ಸೀನಿಗೆ ಹೊಸ್ತಿಲಲ್ಲಿ ನಿಂತವನಂತೆ
ಎದ್ದುಬಿಟ್ಟಿದ್ದಾನೆ.
ಸುಮಾರು ಹೊತ್ತು ಏನೂ ಇಲ್ಲ.
ಆಮೇಲೆ ಎಡತುದಿಯಲ್ಲಿ
ಮೂರು,
ಆರು,
ಒಂಬತ್ತು ಚಿಲ್ಲರೆ,
ಒಂದೊಂದೇ ತಂದು ಒಂದೊಂದೇ ಇಟ್ಟು
ಇಪ್ಪತ್ತೊಂದು ಪಾಯಿಂಟ್ ನಾಲ್ಕು.
ಆಮೇಲಷ್ಟೇ ಬಲಕ್ಕೆ ಐವತ್ತೆಂಟು,
ಮತ್ತು ಆರನೇ ನಗು, ಮಾವಶಿಯದು.

ಬೆಳಿಗ್ಗೆ ನನ್ನ ಸಾಲು ಅಳಿಸಿದೆ.
ಹುಡಿ ಒರೆಸಲಿಲ್ಲ.